ಗಾಜಿನ ಮೇಲೆ ಮೂಗಿನ ಗುರುತು

ಜನವರಿ ೮, ಸೋಮವಾರ

ಮೀನಿನ ತೊಟ್ಟಿಯ ಗಾಜಿನ ಮೇಲೆ ಈ ಬೆಳಿಗ್ಗೆ ಒಂದೇ ಒಂದು ಮೂಗಿನ ಗುರುತು ಉಳಿದಿತ್ತು. ನನ್ನ ಮಂಡಿಗಿಂತ ತುಸು ಮೇಲೆ, ಹೆಬ್ಬೆರಳಿನಷ್ಟು ಅಗಲ. ಅದರ ಕೆಳಗೆ ಬಸವನಹುಳು ನಡೆದುಹೋದ ಹಾಗೆ ಹೊಳೆಯುವ ಒಂದು ಗೆರೆ. ಗುಡಿಸಿ ಒರೆಸುವಾಕೆ ಸಂಜೆ ಎಲ್ಲವನ್ನೂ ಒರೆಸಿ ಹೋಗುತ್ತಾಳಂತೆ. ಇದೊಂದು ಹೇಗೋ ಅವಳ ಬಟ್ಟೆಯಿಂದ ತಪ್ಪಿಸಿಕೊಂಡಿದೆ. ಬೂದು ಬಣ್ಣದ ಸಣ್ಣ ಮೀನೊಂದು ಒಳಗಿನಿಂದ ಬಂದು ಆ ಗುರುತಿಗೆ ಬಾಯಿ ತಾಗಿಸಿ ನಿಂತಿತ್ತು. ಆ ಮಗು ಈಗ ತನ್ನ ಮನೆಯ ಹಾಸಿಗೆಯಲ್ಲಿ ಮಲಗಿರಬಹುದು, ಎದ್ದು ಆಡುತ್ತಲೂ ಇರಬಹುದು. ಮೀನಿಗೆ ಅದು ಗೊತ್ತಿಲ್ಲ. ಮೀನಿನ ಪಾಲಿಗೆ ಮಗು ಇನ್ನೂ ಇಲ್ಲೇ ನಿಂತಿದೆ.

ಮಕ್ಕಳ ಕ್ಲಿನಿಕ್ಕಿನಲ್ಲಿ ಇಂದು ನನ್ನ ಮೊದಲ ದಿನ. ಕೆಲಸ ಚಳಿಗಾಲ ಮುಗಿಯುವವರೆಗೆ ಮಾತ್ರ. ಇಲ್ಲಿನ ಡಾಕ್ಟರಮ್ಮ ನನ್ನ ಮೇಷ್ಟರಿಗೆ ಪರಿಚಯ, ಆ ದಾಕ್ಷಿಣ್ಯದಲ್ಲಿ ಸಿಕ್ಕಿದ್ದು. ನಿನ್ನೆ ಊಟಕ್ಕೆ ಕೂತಾಗ ಭಾವ, "ಸಾಹಿತ್ಯ ಓದಿದವಳಿಗೆ ಅಲ್ಲೇನಮ್ಮಾ ಕೆಲಸ? ಜ್ವರದ ಮೇಲೆ ಪದ್ಯ ಬರೀತೀಯಾ?" ಎಂದರು. "ಲಿಫ್ಟ್ ರಿಪೇರಿ ಮಾಡೋರು ನೀವು, ದಿನಾ ಮೇಲೆ ಕೆಳಗೆ ಹೋಗಿಬಂದು ಇದ್ದಲ್ಲೇ ಇರ್ತೀರಿ. ಸುಮ್ನೆ ಊಟ ಮಾಡಿ," ಎಂದಳು ಅಕ್ಕ. ನಾನಿರುವುದು ಅವರ ಮನೆಯಲ್ಲಿ. ನನ್ನ ಪರವಾದ ಜಗಳಗಳನ್ನೆಲ್ಲ ಅಕ್ಕನೇ ಆಡುತ್ತಾಳೆ. ನನಗೆ ತಕ್ಕ ಉತ್ತರ ಹೊಳೆಯುವುದು ಮಾರನೆಯ ದಿನ, ಸ್ನಾನ ಮಾಡುವಾಗ.

ಜ್ವರವೆಂದು ಬಂದ ಮಗುವಿನ ಮೂಗಿನೊಳಗೆ ಇಲ್ಲಿ ತೆಳ್ಳನೆಯ ಕಡ್ಡಿಯೊಂದನ್ನು ಇಳಿಸಿ, ತಿರುವಿ, ತೆಗೆಯುತ್ತಾರೆ. ಆ ಕಡ್ಡಿ ಒಳಕೋಣೆಯ ಯಂತ್ರಕ್ಕೆ ಹೋಗುತ್ತದೆ. ಒಂದು ಸಣ್ಣ ನಿದ್ದೆಯಷ್ಟು ಹೊತ್ತು ಯಂತ್ರ ತನ್ನಷ್ಟಕ್ಕೆ ಗುನುಗಿ, ಮೂಗಿನಲ್ಲಿ ಯಾವ ವೈರಸ್ ಇದೆ ಎಂದು ಹೇಳುತ್ತದೆ. ಯಂತ್ರ ಹೊಸತು, ನನ್ನ ಕೆಲಸವೂ ಅದರ ಜೊತೆ ಹುಟ್ಟಿದ್ದು: ಕಡ್ಡಿ ಹಾಕುವಾಗ ಮಗುವಿನ ಕಣ್ಣನ್ನು ಬೇರೆಲ್ಲಿಗಾದರೂ ಕರೆದೊಯ್ಯುವುದು, ಆಮೇಲೆ ತಂದೆತಾಯಿಗೆ ಫೋನ್ ಮಾಡಿ ಫಲಿತಾಂಶ ತಿಳಿಸುವುದು. ಮೊದಲನೆಯದು ಬರುತ್ತದೆ. ಎರಡನೆಯದು ನನ್ನಿಂದಾದೀತೆಂಬ ನಂಬಿಕೆಯಿಲ್ಲ.

ಕಡ್ಡಿ ಹಾಕುವವರು ಲ್ಯಾಬಿನವರು. ಮಕ್ಕಳು ಅವರನ್ನು ಮೂಗು ಮಾಮ ಎನ್ನುತ್ತಾರೆ. ನಾನು ಒಂದು ಮಗುವನ್ನು ಕರೆದದ್ದು ಯಾರಿಗೂ ಕೇಳಿಸದಿದ್ದಾಗ ಅವರು ಬಾಗಿಲಿಗೆ ಬಂದು, "ಏನಮ್ಮಾ, ಕರೀತಿದೀಯೋ ಶಾಪ ಹಾಕ್ತಿದೀಯೋ? ಒಳ್ಳೇ ಪಿಸುಮಾತು ಸಿಕ್ಕಿತು ನಮಗೆ!" ಎಂದರು. ಮಧ್ಯಾಹ್ನದೊಳಗೆ ಅದೇ ನನ್ನ ಹೆಸರಾಯಿತು.

ಇರಲಿ. ತಿಂಗಳ ಕೊನೆಗೆ ಮುದ್ರಣಾಲಯದಿಂದ ಪತ್ರ ಬರಬಹುದು. ಕರಡು ತಿದ್ದುವ ಕೆಲಸ. ಕಿಟಕಿಯ ಪಕ್ಕ ಒಂದು ಮೇಜು, ಎದುರಿಗೆ ಕಾಗದ, ಇಡೀ ದಿನ ಯಾರೊಂದಿಗೂ ಮಾತಿಲ್ಲ. ಆ ಮೇಜನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದೇನೆಂದರೆ ಅದರ ಮರದ ಗೆರೆಗಳೂ ಬಾಯಿಪಾಠವಾಗಿವೆ.

ಜನವರಿ ೧೦, ಬುಧವಾರ

ಮಂಜು. ಬಸ್ಸಿನಿಂದಿಳಿದು ಬರುವಾಗ ಎದುರಿನವರ ಉಸಿರು ಮೊದಲು ಕಾಣುತ್ತದೆ, ಆಮೇಲೆ ಅವರು. ಊರಿನ ಉಸಿರೆಲ್ಲ ಹೀಗೆ ಒಂದಕ್ಕೊಂದು ಬೆರೆತು ತಿರುಗುತ್ತಿರುವಾಗ ಯಾವ ಜ್ವರ ಯಾರದೆಂದು ಯಾರು ಹೇಳಬಲ್ಲರು ಅನ್ನಿಸಿತು.

ಮನೆಯಲ್ಲಿ ಚಿಟಿಕೆಯ ನೆಗಡಿ ಕೊನೆಗೂ ಹೋಯಿತು. ಚಿಟಿಕೆ ಎಂದರೆ ಅಕ್ಕನ ಮಗಳು. ಹುಟ್ಟುವಾಗ ಅಷ್ಟೇ ಇದ್ದಳು. ಈಗ ಏಳು ತಿಂಗಳು, ಎರಡು ಹಲ್ಲು, ಮತ್ತು ಮನೆಯ ಮೇಲೆ ಪೂರ್ಣ ಅಧಿಕಾರ. ವಾರವಿಡೀ ಸುರಿದ ಮೂಗು ಒಣಗಿ, ಬೆಳಿಗ್ಗೆ ನನ್ನ ಜಡೆಯನ್ನು ಹಗ್ಗದ ಹಾಗೆ ಎಳೆದಳು.

ಕ್ಲಿನಿಕ್ಕಿನಲ್ಲಿ ಮಗು ಬಂದ ಕೂಡಲೇ ಮೊದಲು ಕಡ್ಡಿ, ಆಮೇಲೆ ಡಾಕ್ಟರಮ್ಮ. ಈ ಕ್ರಮ ಮೂಗು ಮಾಮನ ಕಲ್ಪನೆ, ಅದರ ಬಗ್ಗೆ ಅವರಿಗೆ ತುಂಬಾ ಅಭಿಮಾನ. "ಸರದಿ ಬರೋವರೆಗೆ ಸುಮ್ನೆ ಕೂತಿರ್ತಾರಲ್ಲ, ಅಷ್ಟರಲ್ಲಿ ಯಂತ್ರ ತನ್ನ ಕೆಲಸ ಶುರುಮಾಡಿರುತ್ತೆ. ಮೊದ್ಲು ಸಾಲು ಬೀದಿಗೆ ಬರ್ತಿತ್ತು, ಈಗ ಬಾಗಿಲು ದಾಟಲ್ಲ. ಇದಕ್ಕೆ ತಲೆ ಬೇಕು, ಪಿಸುಮಾತು, ತಲೆ!"

ಹಾಗಾಗಿ ಡಾಕ್ಟರಮ್ಮನ ಕೋಣೆಗೆ ಹೋಗುವ ಮಕ್ಕಳೆಲ್ಲ ಒಂದೇ ಥರ ಕಾಣುತ್ತವೆ: ಕಣ್ಣು ಕೆಂಪು, ಕೆನ್ನೆ ಒದ್ದೆ, ಮೂಗು ಸೋರುತ್ತಿರುತ್ತದೆ. ಒಂದೇ ಊರಿನಿಂದ ಒಟ್ಟಿಗೆ ದಾರಿ ತಪ್ಪಿ ಬಂದವರ ಹಾಗೆ.

ಜನವರಿ ೧೬, ಮಂಗಳವಾರ

ಇಂದು ಫೋನಿನಲ್ಲಿ ಒಮ್ಮೆಯೂ ತಡವರಿಸಲಿಲ್ಲ. ಹೇಳಬೇಕಾದದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಓದುತ್ತೇನೆ: ನಮಸ್ಕಾರ, ಕ್ಲಿನಿಕ್ಕಿನಿಂದ ಮಾತಾಡ್ತಿದೀನಿ, ನಿಮ್ಮ ಮಗುವಿನ ಪರೀಕ್ಷೆಯಲ್ಲಿ ಇಂಥ ವೈರಸ್ ಬಂದಿದೆ. ಆ ಕಡೆ ಎದೆಯಾಳದಿಂದ ಒಂದು ನಿಟ್ಟುಸಿರು. "ಅಯ್ಯೋ, ಅಷ್ಟೇನಾ? ಸದ್ಯ!" ಎಂದಳು ಒಬ್ಬ ತಾಯಿ. ಅದು ಏನೆಂದು ಅವಳಿಗೂ ಗೊತ್ತಿಲ್ಲ, ನನಗೂ ಅರ್ಧಂಬರ್ಧ. ಆದರೂ ಹೆಸರು ಸಿಕ್ಕಿದ ಕೂಡಲೇ, ಮನೆಯೆಲ್ಲ ಅಲೆಯುತ್ತಿದ್ದ ಭಯಕ್ಕೆ ಯಾರೋ ಕುರ್ಚಿ ಕೊಟ್ಟಂತಾಗಿ ಅದು ಕೂತುಬಿಡುತ್ತದೆ.

ನನಗೆ ಇದು ಇಷ್ಟವಾಗತೊಡಗಿದೆ. ಹೆಸರಿಡುವುದೇ ಅಲ್ಲವೇ ಓದಿದ ಅಷ್ಟೂ ವರ್ಷ ನಾನು ಪ್ರೀತಿಸಿದ್ದು? ಹೆಸರು ಹೇಳುವ ಮೊದಲು ಚೂರು ನಿಲ್ಲುತ್ತೇನೆ. ದೀಪ ಹಚ್ಚುವ ಮೊದಲು ಬೆಂಕಿಕಡ್ಡಿಯನ್ನು ಹಿಡಿದು ನಿಂತ ಹಾಗೆ.

ಮಧ್ಯಾಹ್ನ ಟೈ ಕಟ್ಟಿದ ಒಬ್ಬ ಅಪ್ಪ, ಮೂರು ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು, "ಡಾಕ್ಟ್ರೇ, ಏನಾದ್ರೂ ಸ್ಟ್ರಾಂಗಾಗಿ ಬರೀರಿ. ಆ್ಯಂಟಿಬಯಾಟಿಕ್ ಕೊಡದೆ ನಾನು ಇಲ್ಲಿಂದ ಏಳಲ್ಲ," ಎಂದು ಹಟ ಹಿಡಿದಿದ್ದರು. ಯಂತ್ರ ಫ್ಲೂ ಎಂದಿತು. ಡಾಕ್ಟರಮ್ಮ ಮಗುವಿನ ಎದೆ, ಕಿವಿ, ಗಂಟಲು ಎಲ್ಲ ಇನ್ನೊಮ್ಮೆ ನೋಡಿ, "ಇದಕ್ಕೆ ಆ ಔಷಧಿ ಬಡಿಯೋದೇ ಇಲ್ಲ ಕಣಪ್ಪಾ. ಕಳ್ಳ ಮಹಡಿ ಮೇಲಿರುವಾಗ ಹಿತ್ತಲಲ್ಲಿ ಕೋಲು ಬೀಸಿದ ಹಾಗೆ," ಎಂದರು. ಆ ಅಪ್ಪ ಎದ್ದರು. ಮನೆಯಲ್ಲಿ ಉಸಿರಿನ ತೊಂದರೆಯ ಅಜ್ಜನಿದ್ದಾರಂತೆ. ಮಗುವನ್ನು ಅವರಿಂದ ದೂರ ಮಲಗಿಸಲು ಹೇಳಿ ಕಳಿಸಿದರು.

"ಯಂತ್ರ ಒಳ್ಳೇದೇ," ಎಂದರು ಆಮೇಲೆ ಡಾಕ್ಟರಮ್ಮ, ಕನ್ನಡಕ ಒರೆಸುತ್ತ. "ಆದ್ರೆ ಮಗುಗಿಂತ ಮೊದ್ಲು ಅಪ್ಪ ಅಮ್ಮನ ಜ್ವರ ಇಳಿಯುತ್ತೆ ನೋಡು. ಅದೊಂದು ನನಗೆ ಸ್ವಲ್ಪ ಹೆದರಿಕೆ." ಹೆದರಿಕೆ ಯಾಕೆಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಜನವರಿ ೧೯, ಶುಕ್ರವಾರ

ಇಡೀ ದಿನ ಕೆಮ್ಮು. ಮುಚ್ಚಿದ ಕಿಟಕಿಗಳ ಮೇಲೆ ಒಳಗಿನ ಹಬೆ ಕೂತು ಕ್ಲಿನಿಕ್ಕೇ ಒಂದು ಮೀನಿನ ತೊಟ್ಟಿಯಾಗಿತ್ತು. ಹೊರಗಿನಿಂದ ಯಾರಾದರೂ ಗಾಜಿಗೆ ಮೂಗು ಒತ್ತಿ ನೋಡಿದ್ದರೆ ನಾವೂ ನಿಧಾನವಾಗಿ ತೇಲುತ್ತಿರುವುದು ಕಾಣುತ್ತಿತ್ತು.

ಜನವರಿ ೨೨, ಸೋಮವಾರ

ಚಿಟಿಕೆಗೆ ಜ್ವರ. ಬೆಳಿಗ್ಗೆ ಎತ್ತಿಕೊಂಡರೆ ಈಗಷ್ಟೇ ಬಿಸಿಲಿನಿಂದ ತಂದ ಕಲ್ಲಿನ ಹಾಗಿದ್ದಳು. ಅಕ್ಕ ಅವಳನ್ನು ಹೊದಿಕೆಯಲ್ಲಿ ಸುತ್ತಿ ನನ್ನ ಜೊತೆಯೇ ಕ್ಲಿನಿಕ್ಕಿಗೆ ಹೊರಟಳು.

ಸೋಮವಾರದ ಜನ, ಕಾಲಿಡಲು ಜಾಗವಿಲ್ಲ. ಸುಮ್ಮನಿರಿಸಲು ಅಕ್ಕ ಅವಳನ್ನು ತೊಟ್ಟಿಯ ಹತ್ತಿರ ಎತ್ತಿ ಹಿಡಿದಳು. ಚಿಟಿಕೆ ಮೀನನ್ನು ನೋಡಿ ಇಡೀ ಮುಖವನ್ನೇ ಗಾಜಿಗೆ ಒತ್ತಿದಳು. ಅವಳ ಉಸಿರಿನಿಂದ ಒಂದು ಪುಟ್ಟ ಬಿಳಿ ವೃತ್ತ ಮೂಡಿತು. ಅವಳು ಹಿಂದೆ ಸರಿದಾಗ ಆ ವೃತ್ತ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ, ಚುಕ್ಕೆಯಾಗಿ, ಇಲ್ಲವಾಯಿತು. ಗಾಜು ಮೊದಲಿನ ಹಾಗೆಯೇ ತಿಳಿಯಾಗಿತ್ತು. ಅಷ್ಟು ಗದ್ದಲದ ನಡುವೆ ಅಷ್ಟು ಚೆಂದದ್ದನ್ನು ನೋಡಿದವಳು ನಾನೊಬ್ಬಳೇ ಎಂದು ಸುಮ್ಮನೆ ಹಿಗ್ಗಿದೆ.

ಆಮೇಲೆ ಕಡ್ಡಿ. ನನ್ನ ಕಥೆ, ಗಿಲಕಿ, ಯಾವುದೂ ನಡೆಯಲಿಲ್ಲ. ಚಿಟಿಕೆ ಅತ್ತ ಅಳುವಿಗೆ ಮೂಗು ಮಾಮನೇ ಕಿವಿ ಮುಚ್ಚಿಕೊಂಡು, "ಅಬ್ಬಬ್ಬಾ! ಇವಳ ಚಿಕ್ಕಮ್ಮ ನೀನೇನಾ, ಪಿಸುಮಾತು? ನಿನ್ನ ಪಾಲಿನ ಗಂಟಲೂ ಇವಳೇ ತಗೊಂಡುಬಿಟ್ಟಿದಾಳೆ!" ಎಂದರು.

ಡಾಕ್ಟರಮ್ಮನ ಮುಂದೆ ಕೂರಿಸಿದಾಗಲೂ ಬಿಕ್ಕುತ್ತಿದ್ದಳು. ಮೂಗಿನಿಂದ ಎರಡು ಗೆರೆ ತುಟಿಯವರೆಗೆ ಇಳಿದಿತ್ತು.

"ನೆಗಡಿ ಇದೆಯಾ?"

"ಇತ್ತು ಡಾಕ್ಟ್ರೇ, ಹೊಸವರ್ಷಕ್ಕೇ ಶುರುವಾಗಿದ್ದು," ಎಂದಳು ಅಕ್ಕ.

ಡಾಕ್ಟರಮ್ಮ ಎಲ್ಲ ನೋಡಿದರು. "ಮೂಗು ಸುರೀತಿದೆ, ವೈರಸ್ಸೇ ಇರ್ಬೇಕು. ಯಂತ್ರ ಏನೂ ಇಲ್ಲ ಅಂದ್ರೆ ಮಾತ್ರ ಸಂಜೆ ಬನ್ನಿ, ಮೂತ್ರ ಪರೀಕ್ಷೆ ಮಾಡೋಣ. ಏನಾದ್ರೂ ಸಿಕ್ತು ಅಂದ್ರೆ ಬೇಡ, ಪಾಪ, ಇನ್ನೊಂದು ಹಿಂಸೆ ಯಾಕೆ. ಎರಡು ದಿನದಲ್ಲಿ ಜ್ವರ ಇಳೀದಿದ್ರೆ ಕರ್ಕೊಂಡು ಬನ್ನಿ."

ಯಂತ್ರ ಹೇಳಿತು: ರೈನೋ ವೈರಸ್. ಸಾಮಾನ್ಯ ನೆಗಡಿಯದು. ಅಕ್ಕನಿಗೆ ಫೋನ್ ಮಾಡಿದೆ. ಚೀಟಿ ಬೇಕಾಗಲಿಲ್ಲ. ಆ ನಿಟ್ಟುಸಿರು ಈ ಸಲ ನಮ್ಮ ಮನೆಯಲ್ಲೇ ಕೇಳಿಸಿತು.

ಸಂಜೆ ಭಾವ, "ರೈನೋ ಅಂದ್ರೆ ಘೇಂಡಾಮೃಗ ಅಲ್ವೇನೇ?" ಎಂದರು. ಮೂಗು ಎಂಬ ಅರ್ಥದಲ್ಲಿ ಹಾಗೆ ಕರೆಯುತ್ತಾರಂತೆ, ಮೂಗು ಮಾಮ ಹೇಳಿದ್ದು, ಎಂದೆ. ಯಾರು ಕೇಳುತ್ತಾರೆ? ಚಿಟಿಕೆಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, "ಇಷ್ಟು ದೊಡ್ಡ ಪ್ರಾಣಿ ಇಷ್ಟು ಸಣ್ಣ ಮೂಗಲ್ಲಿ ಹೇಗಮ್ಮಾ ಹಿಡಿಸಿದೆ ನೀನು?" ಎಂದು ಅವಳನ್ನೇ ವಿಚಾರಿಸುತ್ತಿದ್ದರು.

ಜನವರಿ ೨೩, ಮಂಗಳವಾರ

ಜ್ವರ ಹಾಗೇ ಇದೆ. ಔಷಧಿ ಹಾಕಿದರೆ ತುಸು ಇಳಿದು, ಮರೆತ ಛತ್ರಿ ತೆಗೆದುಕೊಳ್ಳಲು ಬಂದವರ ಹಾಗೆ ಮತ್ತೆ ಬರುತ್ತದೆ.

ಮನೆಯಲ್ಲಿ ಈಗ ಘೇಂಡಾಮೃಗ ಒಬ್ಬ ನೆಂಟ. "ಎದ್ದಿತಾ ಘೇಂಡಾಮೃಗ?" "ಈಗಷ್ಟೇ ಮಲಗ್ತು ರೀ." ಅಮ್ಮ ಫೋನ್ ಮಾಡಿ ಗಾಬರಿಯಾದಾಗ ಅಕ್ಕ, "ಏನಿಲ್ಲಮ್ಮಾ, ಹೆಸರು ಸಿಕ್ಕಿದೆ," ಎಂದಳು. ಕಳ್ಳನ ವಿಳಾಸ ಸಿಕ್ಕಿದ ಹಾಗೆ. ನಾನೂ ಪಕ್ಕದಿಂದ ಹೌದಮ್ಮಾ ಎಂದೆ.

ಮಧ್ಯಾಹ್ನ ರಜೆ ಹಾಕಿ ಬಂದು ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡಾಗ ನನಗೂ ಜೋಂಪು ಹತ್ತಿತು. ಅವಳ ಬಿಸಿ ನನ್ನೊಳಗೆ ಇಳಿಯುತ್ತಿತ್ತು. ಬೆಚ್ಚನೆಯ ನೀರಿನಲ್ಲಿ ನಾವಿಬ್ಬರೂ ತೇಲುತ್ತಿದ್ದ ಹಾಗೆ, ಗಾಜಿನಾಚೆ ಯಾರೋ ದೊಡ್ಡವರು ನಿಂತು ಬಾಯಿ ಆಡಿಸುತ್ತಿದ್ದ ಹಾಗೆ ಕನಸು. ಅವರು ಏನೋ ಕೇಳುತ್ತಿದ್ದರು. ನೀರಿನೊಳಗೆ ಕೇಳಿಸಲಿಲ್ಲ.

ಜನವರಿ ೨೪, ಬುಧವಾರ

ಮುದ್ರಣಾಲಯದ ಪತ್ರ ಬಂದಿದೆ! ಕೆಲಸ ನನ್ನದೇ. ತಿಂಗಳ ಕೊನೆಯೊಳಗೆ ಒಪ್ಪಿಗೆ ಬರೆಯಬೇಕು. ಎರಡು ಸಲ ಓದಿ ಮಡಿಸಿಟ್ಟೆ. ಆ ಕಿಟಕಿ, ಆ ಮೇಜು, ಆ ಮೌನ.

ಚಿಟಿಕೆ ಇಂದು ಹಾಲು ಅರ್ಧಕ್ಕೇ ಬಿಟ್ಟಳು. ನನ್ನ ಜಡೆ ಕೈಗೆ ಸಿಕ್ಕರೂ ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಡಾಕ್ಟರಮ್ಮ ಹೇಳಿದ ಎರಡು ದಿನ ಆಯಿತಲ್ಲ ಎಂದು ಅಕ್ಕನಿಗೆ ನೆನಪಿಸಿದೆ.

"ಗೊತ್ತಿಲ್ಲದ ಜ್ವರ ಆಗಿದ್ರೆ ಓಡಬೇಕಿತ್ತು ಕಣೇ. ಇದು ಗೊತ್ತಾಗಿರೋ ಜ್ವರ ತಾನೇ? ನೀನೇ ಹೇಳಿದ್ದಲ್ವಾ," ಎಂದಳು.

ಹೌದು. ಹೇಳಿದವಳು ನಾನೇ.

ಜನವರಿ ೨೫, ಗುರುವಾರ

ಎಲ್ಲವನ್ನೂ ನಡೆದ ಹಾಗೇ ಬರೆಯಬೇಕು. ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೇನೆ, ಸಂಜೆಯ ಬೆಳಕು ಇನ್ನೂ ಇದೆ.

ಬೆಳಿಗ್ಗೆ ಕ್ಲಿನಿಕ್ಕಿಗೆ ಮೊದಲು ಬಂದವನು ಎರಡು ವರ್ಷದ ಒಬ್ಬ ಗುಂಡ. ಬಂದವನೇ ತೊಟ್ಟಿಗೆ ಮೂಗೊತ್ತಿ ಮೀನನ್ನು ಬೈದ. ಅವನ ತಾಯಿ ಎಳೆದುಕೊಂಡಾಗ ಗಾಜಿನ ಮೇಲೆ ಉದ್ದಕ್ಕೆ ಹೊಳೆಯುವ ಒದ್ದೆ ಗೆರೆ ಉಳಿಯಿತು. ನಾನು ಬಟ್ಟೆ ತೆಗೆದುಕೊಂಡು ಒರೆಸಲು ಬಗ್ಗಿದೆ. ಕೈ ಅಲ್ಲೇ ನಿಂತಿತು.

ಇವನಿಗಿನ್ನೂ ಕಡ್ಡಿ ಹಾಕಿಲ್ಲ. ಆದರೂ ಗುರುತು ಒದ್ದೆ. ಚಿಟಿಕೆ ಸೋಮವಾರ ಇದೇ ಗಾಜಿಗೆ ಇಡೀ ಮುಖ ಒತ್ತಿದ್ದಳು, ಬರೀ ಉಸಿರಿನ ವೃತ್ತ ಮೂಡಿ ಆರಿಹೋಗಿತ್ತು. ಗಾಜು ತಿಳಿಯಾಗಿತ್ತು. ಅವಳ ಮೂಗು ಒಣಗಿತ್ತು. ಸುರಿಯಲು ಶುರುವಾದದ್ದು ಕಡ್ಡಿ ಹಾಕಿದ ಮೇಲೆ, ಅತ್ತ ಮೇಲೆ. ಡಾಕ್ಟರಮ್ಮ ನೋಡಿದ್ದು ಆ ಮೂಗನ್ನು. ಅಕ್ಕ "ಇತ್ತು" ಎಂದದ್ದು ಯಾವಾಗಲೋ ಮುಗಿದ ನೆಗಡಿಯನ್ನು. ಈ ಮೂರು ದಿನ ಮನೆಯಲ್ಲಿ ಅವಳು ಒಮ್ಮೆಯೂ ಸೀನಲಿಲ್ಲ, ಕೆಮ್ಮಲಿಲ್ಲ. ಪಕ್ಕದಲ್ಲೇ ಇದ್ದೆ. ನೋಡಿದ್ದೆ. ಆದರೆ ನನ್ನ ಹತ್ತಿರ ಹೆಸರಿತ್ತಲ್ಲ.

ಬಟ್ಟೆ ಕೈಯಲ್ಲೇ ಇತ್ತು. ಡಾಕ್ಟರಮ್ಮನ ಕೋಣೆಯೊಳಗೆ ಒಬ್ಬ ತಾಯಿ ಮಗುವಿನ ಅಂಗಿ ಬಿಚ್ಚುತ್ತಿದ್ದಳು. ನಾನು ಬಾಗಿಲು ತಟ್ಟಲು ಮರೆತೆ.

"ಡಾಕ್ಟ್ರೇ, ಚಿಟಿಕೆಗೆ ನೆಗಡಿ ಇರ್ಲಿಲ್ಲ."

"ಯಾರು? ಯಾವ ಚಿಟಿಕೆ?"

"ನಮ್ಮಕ್ಕನ ಮಗಳು. ಸೋಮವಾರ ನೀವು ನೋಡಿದ ಮೂಗು ಕಡ್ಡಿಯಿಂದ ಸುರಿದದ್ದು. ಅದಕ್ಕೆ ಮೊದ್ಲು ಒಣಗಿತ್ತು, ನಾನು ಗಾಜಿನ ಮೇಲೆ ನೋಡಿದೀನಿ. ಜ್ವರ ಇನ್ನೂ ಬಿಟ್ಟಿಲ್ಲ. ಹಾಲು ಕುಡೀತಿಲ್ಲ. ಅಕ್ಕ ಹೇಳಿದ ಆ ನೆಗಡಿ ಹೋಗಿ ಎರಡು ವಾರ ಆಯ್ತು. ಮಗು ಹೋದ ಮೇಲೂ ಗಾಜಿನ ಮೇಲೆ ಗುರುತು ಇರುತ್ತಲ್ಲ, ಯಂತ್ರಕ್ಕೆ ಸಿಕ್ಕಿದ್ದು ಅದೇ ಇರಬಹುದಲ್ವಾ? ಹಳೇದು?"

ಒಂದೇ ಉಸಿರಿಗೆ ಇಷ್ಟು ಮಾತು ನಾನು ಯಾವತ್ತೂ ಆಡಿದ ನೆನಪಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು.  ಆಮೇಲೆ, "ಇರಬಹುದು. ನೆಗಡಿ ಹೋದ ಮೇಲೂ ಆ ವೈರಸ್ ಮೂಗಲ್ಲಿ ವಾರಗಟ್ಟಲೆ ಸಿಗುತ್ತೆ. ನಾನು ಅದನ್ನ ಕೇಳಬೇಕಿತ್ತು," ಎಂದರು. "ಈಗಲೇ ಕರೆಸು. ನಿಂತ ಕಾಲಲ್ಲಿ ಬರೋಕೆ ಹೇಳು."

ಅಕ್ಕ ಫೋನಿನಲ್ಲಿ, "ಅಯ್ಯೋ ಸುಮ್ನಿರೇ, ಈಗಷ್ಟೇ ಮಲಗಿದಾಳೆ, ಘೇಂಡಾಮೃಗ..." ಎಂದು ಶುರುಮಾಡಿದಳು.

"ಘೇಂಡಾಮೃಗ ಇಲ್ಲ ಅಕ್ಕಾ! ಅದು ಯಾವತ್ತೋ ಹೋಯ್ತು. ಇದು ಬೇರೆ ಏನೋ. ಎತ್ಕೊಂಡು ಬಾ, ಈಗ್ಲೇ ಬಾ!"

ಕಾಯುವ ಕೋಣೆ ಇಡೀ ತಿರುಗಿ ನೋಡಿತು. ಮೂಗು ಮಾಮ ಕೈಯಲ್ಲಿ ಕಡ್ಡಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಏನೂ ತಮಾಷೆ ಮಾಡಲಿಲ್ಲ.

ಮೂತ್ರದಲ್ಲಿ ಸೋಂಕು ಸಿಕ್ಕಿತು. ಮೂತ್ರಪಿಂಡದವರೆಗೆ ಏರಿರಬಹುದು, ವಾಂತಿಯೂ ಆಗುತ್ತಿದೆ, ನಾಲ್ಕಾರು ದಿನ ಇಲ್ಲೇ ಇರಲಿ ಎಂದು ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಂಡಿದ್ದಾರೆ. ಸೂಜಿ ಚುಚ್ಚುವಾಗ ಅಕ್ಕ ನನ್ನ ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ಭಾವ ಕೆಲಸದ ಬಟ್ಟೆಯಲ್ಲೇ ಓಡಿಬಂದು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಬಂದರು. "ಆ ಲಿಫ್ಟ್ ನನಗೆ ಗೊತ್ತು, ನಂಬೋ ಹಾಗಿಲ್ಲ," ಎಂದು ಏದುಸಿರಿನಲ್ಲಿ ಹೇಳಿ ಗೋಡೆಗೆ ಒರಗಿ ಅತ್ತರು.

ಆ್ಯಂಟಿಬಯಾಟಿಕ್ ಹನಿಹನಿಯಾಗಿ ಇಳಿಯುತ್ತಿದೆ. ಇವಳ ಮಟ್ಟಿಗೆ ಕಳ್ಳ ಹಿತ್ತಲಲ್ಲೇ ಇದ್ದ.

ಜನವರಿ ೨೬, ಶುಕ್ರವಾರ

ಜ್ವರ. ಬರೆಯಲಾರೆ.

ಜನವರಿ ೨೭, ಶನಿವಾರ

ಬೆಳಿಗ್ಗೆ ಅಕ್ಕ ಮುಖ ತೊಳೆಯಲು ಹೋದಾಗ ನಾನು ತೊಟ್ಟಿಲ ಮೇಲೆ ಬಗ್ಗಿ ನೋಡುತ್ತಿದ್ದೆ. ಚಿಟಿಕೆ ಕಣ್ಣು ಬಿಟ್ಟು, ತುಂಬ ದೂರದ ಪ್ರಯಾಣದಿಂದ ಬಂದು ಮನೆಯ ಗುರುತು ಹಿಡಿಯುವವರ ಹಾಗೆ ನನ್ನನ್ನು ನೋಡಿದಳು. ಆಮೇಲೆ ಜಡೆ ಹಿಡಿದು ಎಳೆದಳು. ಜೋರಾಗಿ. ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ.

ಹಣೆ ತಣ್ಣಗಿತ್ತು.

ಜನವರಿ ೩೦, ಮಂಗಳವಾರ

ಇಂದು ಮನೆಗೆ ಕಳಿಸಿದರು. ಔಷಧಿ ಇನ್ನೂ ಕೆಲವು ದಿನ ಬಾಯಿಂದ ಕೊಡಬೇಕು. ಅಕ್ಕ ಬಾಗಿಲು ದಾಟುತ್ತ, "ಇನ್ನು ಈ ಮನೇಲಿ ಯಾರಾದ್ರೂ ಪ್ರಾಣಿ ಹೆಸರು ಎತ್ತಿದ್ರೆ ನೋಡಿ," ಎಂದಳು. ಭಾವ ನಾಲಿಗೆ ಕಚ್ಚಿಕೊಂಡು, ತಂದಿದ್ದ ಆಟಿಕೆಯ ಆನೆಯನ್ನು ಬೆನ್ನ ಹಿಂದೆ ಅಡಗಿಸಿದರು.

ಮಧ್ಯಾಹ್ನದ ಮೇಲೆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ನಾನು ಕೂತದ್ದು ಇದೇ ಮೊದಲು.

"ಯಂತ್ರ ಸುಳ್ಳು ಹೇಳಿಲ್ಲ," ಎಂದರು. "ಮೂಗಲ್ಲಿ ಏನಿದೆ ಅಂತ ಕೇಳಿದ್ವಿ, ಇದ್ದದ್ದು ಹೇಳ್ತು. ಜ್ವರ ಯಾಕೆ ಬಂತು ಅಂತ ಅದನ್ನ ಯಾರೂ ಕೇಳಿಲ್ಲ, ಕೇಳಿದ್ರೂ ಅದಕ್ಕೆ ಗೊತ್ತಿಲ್ಲ. ಅದನ್ನ ಕೇಳಬೇಕಾದವಳು ನಾನು. ಸಾಲು ಉದ್ದ ಇತ್ತು, ಮೂಗು ಒದ್ದೆ ಇತ್ತು, ನಂಬಿದೆ."

"ಹಾಗಾದ್ರೆ ಪರೀಕ್ಷೆ ಬೇಡ್ವಾ?" ಎಂದೆ.

"ಬೇಕಾದಾಗ ಬೇಕು. ಆ ಟೈ ಅಪ್ಪನ ಮನೆ ಅಜ್ಜ ಚೆನ್ನಾಗಿದಾರಂತೆ, ನಿನ್ನೆ ಫೋನ್ ಬಂದಿತ್ತು. ಆ ಹುಡುಗನಿಗೆ ಸುಮ್ನೆ ಔಷಧಿ ಹಾಕೋದೂ ತಪ್ಪಿತು. ಆದ್ರೆ ಬಂದ ಮಗೂಗೆಲ್ಲ ಬೇಡ. ಕಡ್ಡಿ ಹಾಕಿದ್ರೆ ನನ್ನ ಚಿಕಿತ್ಸೆ ದಾರಿ ಬದಲಾಗುತ್ತೆ ಅನ್ನೋ ಕಡೆ ಹಾಕಬೇಕು. ಅದಕ್ಕೆ ಮೊದ್ಲು ಮಗುನ ನೋಡಬೇಕು."

ಮೂಗು ಮಾಮ ಬಾಗಿಲಲ್ಲೇ ನಿಂತಿದ್ದರು. "ನಾಳೆಯಿಂದ ಮೊದ್ಲು ಡಾಕ್ಟ್ರು, ಆಮೇಲೆ ಕಡ್ಡಿ," ಎಂದರು ನನಗೆ, ಬೇರೆಲ್ಲೋ ನೋಡುತ್ತ. "ಸಾಲು ಬೀದಿಗೆ ಬಂದ್ರೆ ಬರ್ಲಿ ಬಿಡು." ಆಮೇಲೆ, "ಪುಟ್ಟಿ ಏನಾದ್ರೂ ತಿಂತಿದಾಳಾ?" ಎಂದರು. ನನ್ನ ಜಡೆಯನ್ನೇ ತಿನ್ನುತ್ತಿದ್ದಾಳೆ ಎಂದೆ. ಅವರು ನಕ್ಕದ್ದು ನೋಡಿ ಮನಸ್ಸಿಗೆ ಹಗುರವಾಯಿತು.

ಫೆಬ್ರವರಿ ೧, ಗುರುವಾರ

ಸಾಲು ನಿಜವಾಗಿ ಬೀದಿಗೆ ಬಂದಿತ್ತು. ಹೊರಗೆ ನಿಂತವರಿಗೆ ಚಳಿಯಾಗದ ಹಾಗೆ ಬೆಂಚುಗಳನ್ನು ಗೋಡೆಗೆ ಒತ್ತಿಸಿ, ಪುಟ್ಟ ಕೂಸುಗಳನ್ನು ಮೊದಲು ಒಳಗೆ ಕರೆದೆ. ಹೀಗೆ ಕರೆಯುತ್ತಿರುವಾಗ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಸ್ವಲ್ಪ ಮೆಲ್ಲಗೆ ಮಾತಾಡಮ್ಮಾ ತಾಯಿ, ಮೊಮ್ಮಗು ಈಗಷ್ಟೇ ಕಣ್ಣು ಮುಚ್ಚಿದೆ," ಎಂದು ಗದರಿದರು. ತಪ್ಪಾಯಿತು ಎಂದೆ. ಎಲ್ಲರೆದುರು ಬೈಸಿಕೊಂಡದ್ದು ಸಂಜೆಯವರೆಗೂ ಚುಚ್ಚುತ್ತಿತ್ತು.

ಬಸ್ಸಿನಲ್ಲಿ ಬರುವಾಗ ನೆನಪಾಯಿತು: ಮುದ್ರಣಾಲಯಕ್ಕೆ ಉತ್ತರ ಬರೆಯಲು ನಿನ್ನೆಯೇ ಕೊನೆಯ ದಿನವಾಗಿತ್ತು. ಮರೆತೇ ಹೋಗಿದೆ. ನಾಳೆ ಫೋನ್ ಮಾಡಿ ಕೇಳಿದರೆ ಇನ್ನೂ ಒಪ್ಪಬಹುದು. ಆ ಮೇಜನ್ನು ನೆನೆದುಕೊಳ್ಳಲು ನೋಡಿದೆ. ಅದರ ಪಕ್ಕದ ಕಿಟಕಿಯ ಗಾಜಿನ ಮೇಲೆ ಯಾವ ಗುರುತೂ ಇರಲಿಲ್ಲ.

ಫೆಬ್ರವರಿ ೫, ಸೋಮವಾರ

ಮುದ್ರಣಾಲಯದವರೇ ಫೋನ್ ಮಾಡಿದ್ದರು. ಇನ್ನೂ ನಾಲ್ಕು ದಿನ ಕಾಯುತ್ತಾರಂತೆ. ತುಂಬ ಮೆಲುವಾದ, ಒಳ್ಳೆಯ ದನಿ. ಹಿಂದೆ ಬೇರೆ ಯಾವ ಸದ್ದೂ ಇರಲಿಲ್ಲ. ಇತ್ತ ನನ್ನ ಕಡೆ ಒಂದು ಮಗು ಕಿರುಚುತ್ತಿತ್ತು, ಇನ್ನೊಂದು ಮೀನಿಗೆ ಬಿಸ್ಕತ್ತು ತಿನ್ನಿಸಲು ಬೆಂಚು ಹತ್ತುತ್ತಿತ್ತು. "ಒಂದು ನಿಮಿಷ ಸಾರ್," ಎಂದು ಅದನ್ನು ಇಳಿಸಿ ಬರುವಷ್ಟರಲ್ಲಿ ಕರೆ ಕಡಿದಿತ್ತು.

ಆಮೇಲೆ ಒಂದು ಫಲಿತಾಂಶ ತಿಳಿಸಬೇಕಿತ್ತು. ನಾಲ್ಕು ತಿಂಗಳ ಕೂಸು, ಬೆಳಿಗ್ಗೆ ಡಾಕ್ಟರಮ್ಮ ನೋಡಿ ಅಗತ್ಯವೆಂದು ಕಡ್ಡಿ ಹಾಕಿಸಿದ್ದು. ವೈರಸ್ ಸಿಕ್ಕಿದೆ. ನಂಬರು ಒತ್ತಿದೆ. ಆ ಕಡೆ ತಾಯಿ, "ಸಿಕ್ತಾ? ಹೆಸರೇನು?" ಎಂದಳು, ಉಸಿರು ಬಿಗಿಹಿಡಿದು. ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಹೇಳ್ತೀನಿ. ಮೊದ್ಲು ಮಗು ಹೇಗಿದೆ ಹೇಳಿ."

"ಹೇಗಿದೆ ಅಂದ್ರೆ... ಜ್ವರ ಇದೆ."

"ಹಾಲು ಕುಡೀತಾ? ಒದ್ದೆ ಮಾಡ್ತಿದೆಯಾ? ಈಗ ನಿಮ್ಮ ತೊಡೆ ಮೇಲಿದೆಯಾ? ಉಸಿರು ಹೇಗಿದೆ, ಸ್ವಲ್ಪ ನೋಡಿ ಹೇಳಿ. ನಾನು ಕಾಯ್ತೀನಿ."

ಅವಳು ನೋಡಲು ಹೋದಳು. ಫೋನಿನೊಳಗೆ ಒಂದು ಮನೆಯ ಸದ್ದು ತುಂಬಿಕೊಂಡಿತು: ಬಟ್ಟೆಯ ಸರಬರ, ನೀರಿನ ನಲ್ಲಿ, ತುಂಬ ಹತ್ತಿರದಲ್ಲಿ ಒಂದು ಪುಟ್ಟ ಉಸಿರು. ಫೋನನ್ನು ಮಗುವಿನ ಮೂಗಿಗೇ ಹಿಡಿದಿದ್ದಳೇನೋ. ಕಣ್ಣು ಮುಚ್ಚಿ ಕೇಳಿದೆ. ಒಳಗೆ, ಹೊರಗೆ, ಒಳಗೆ. ಬಿಳಿ ವೃತ್ತವೊಂದು ಮೂಡಿ ಆರುತ್ತಿದ್ದ ಹಾಗೆ. ಆಮೇಲೆ ಅವಳು ಬಂದು ಎಲ್ಲವನ್ನೂ ಹೇಳಿದಳು, ನಾನು ಎಲ್ಲವನ್ನೂ ಡಾಕ್ಟರಮ್ಮನಿಗೆ ತಿಳಿಸಿದೆ. ಹೆಸರನ್ನು ಆ ತಾಯಿಗೆ ಕೊನೆಗೆ ಹೇಳಿದೆ. ಜ್ವರ ಬಿಡದಿದ್ದರೆ ಹೆಸರು ಗೊತ್ತಿದೆಯೆಂದು ಮನೆಯಲ್ಲಿ ಕೂರಬೇಡಿ ಎಂದೂ ಹೇಳಿದೆ.

ಸಂಜೆ ಒರೆಸುವಾಕೆ ಬಟ್ಟೆ ಹಿಡಿದು ತೊಟ್ಟಿಯ ಹತ್ತಿರ ಬಂದಾಗ, ಗಾಜು ನಾನೇ ಒರೆಸುತ್ತೇನೆ ಬಿಡಿ ಎಂದೆ. ಬಗ್ಗಿ ಒಂದೊಂದು ಗುರುತನ್ನೂ ನೋಡಿ ಒರೆಸಿದೆ. ಒದ್ದೆಯದು, ಒಣಗಿದ್ದು, ಯಾರದೋ ತುಟಿಯದು.

ಡಾಕ್ಟರಮ್ಮ ಹೊರಡುತ್ತ, "ಚಳಿ ಕಡಿಮೆ ಆಗ್ತಾ ಬಂತು. ಆಮೇಲೂ ಇರ್ತೀಯೇನಮ್ಮಾ?" ಎಂದರು.

ನಾಳೆ ಹೇಳುತ್ತೇನೆ ಎಂದೆ. ಮನೆಗೆ ಬಂದು ಮುದ್ರಣಾಲಯಕ್ಕೆ ಪತ್ರ ಬರೆದೆ, ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ: ತಮ್ಮ ಕೃಪೆಗೆ ಕೃತಜ್ಞಳಾಗಿದ್ದೇನೆ, ಆದರೆ ಆ ಮೇಜನ್ನು ದಯವಿಟ್ಟು ಬೇರೆಯವರಿಗೆ ಕೊಡಿ.